ಎರಡು ಕಡೆಯ ಹೊಲಿಗೆ

ನೀಲಗಂಗ ಮಂಚವನ್ನು ಗೋಡೆಯಿಂದ ಈಚೆಗೆ ಎಳೆದಳು. ಟಣ್ ಎಂದು ಏನೋ ಬಿದ್ದು ಪೊರಕೆಯ ಹತ್ತಿರಕ್ಕೆ ಉರುಳಿ ಬಂತು. ಬಗ್ಗಿ ನೋಡಿದರೆ ಹಿತ್ತಾಳೆಯ ಅಂಗುಸ್ತಾನ. ಸೂಜಿ ಚುಚ್ಚದಿರಲೆಂದು ದರ್ಜಿಗಳು ಬೆರಳಿಗೆ ಹಾಕಿಕೊಳ್ಳುತ್ತಾರಲ್ಲ, ಅದು.

ನಿನ್ನೆ ಸಂಜೆ ಗಂಡ ಜಂಬಣ್ಣನನ್ನು ಮಣ್ಣು ಮಾಡಿ ಬಂದಿದ್ದರು. ಇವತ್ತು ಬೆಳಗಾಗಿತ್ತು, ಅಷ್ಟೆ. ಬೀದಿಯ ನಲ್ಲಿಯಲ್ಲಿ ನೀರು ಬಂದಿತ್ತು. ಬಿಂದಿಗೆಗಳು ಸಾಲುಗಟ್ಟಿದ್ದವು. ಕಾರ್ಖಾನೆಗೆ ಹೊರಟವರ ಸೈಕಲ್ ಬೆಲ್ಲುಗಳು ಕೇಳುತ್ತಿದ್ದವು. ಅತ್ತೆ ಶಿವಕ್ಕ ಒಲೆಯ ಮುಂದೆ ಕೂತು ಊದುಕೊಳವೆ ಊದುತ್ತಿದ್ದಳು.

ಅಂಗುಸ್ತಾನ ಯಾರದೆಂದು ಕೇಳಬೇಕಾಗಿರಲಿಲ್ಲ. ಅದಕ್ಕಾಗಿ ಎದುರುಮನೆಯಲ್ಲಿ ನಡೆದ ಜಗಳವನ್ನು ರಾಜಾಜಿನಗರದ ಆ ಸಾಲಿನ ಮನೆಗಳೆಲ್ಲ ಕೇಳಿದ್ದವು.

"ನಮ್ಮಪ್ಪ ದಂಡಲ್ಲಿ ಸಿಪಾಯಿಗಳ ಕೋಟು ಹೊಲ್ದಿದ್ದು ಅದ್ರಲ್ಲಿ! ಎಲ್ಲಿ ಕಳ್ದೆ ಹೇಳೇ!" ಎಂದು ಬೈರಪ್ಪ ಕೂಗಾಡಿದ್ದ. ಅವನ ಹೆಂಡತಿ ಕಮಲಾಕ್ಷಮ್ಮ, "ಎಲ್ಲೋ ಬಿದ್ದೋಯ್ತು, ಗೊತ್ತಾಗ್ಲಿಲ್ಲ" ಎಂದಷ್ಟೇ ಹೇಳಿ ಏಟು ತಿಂದಿದ್ದಳು. ಆ ಸಂಜೆ ಜಂಬಣ್ಣ ಊಟ ಬೇಡವೆಂದು ಗೋಡೆಯ ಕಡೆ ತಿರುಗಿ ಮಲಗಿದ್ದ. ಅದಾದ ಎರಡು ದಿನಕ್ಕೆ ಅವನ ಆರೋಗ್ಯ ಇನ್ನೂ ಕೆಟ್ಟು ಅತ್ತೆ ಊರಿನಿಂದ ಬಂದಳು. ಎದುರುಮನೆಯವಳು ನಿನ್ನೆಯವರೆಗೆ ಮತ್ತೆ ಈ ಹೊಸ್ತಿಲು ತುಳಿದಿರಲಿಲ್ಲ.

ಹಾಗಾದರೆ ಕಳೆದಿರಲಿಲ್ಲ. ಇಲ್ಲಿತ್ತು. ಕಮಲಾಕ್ಷಮ್ಮನಿಗೆ ಗೊತ್ತಿತ್ತು, ಗೊತ್ತಿದ್ದೂ ಬಾಯಿ ಬಿಟ್ಟಿರಲಿಲ್ಲ. ತನ್ನ ಗಂಡನಿಗಾಗಿ ಇನ್ನೊಬ್ಬಳು ತಿಂದ ಆ ಏಟಿನ ಮೇಲೂ ನೀಲಗಂಗಳಿಗೆ ಹೊಟ್ಟೆಕಿಚ್ಚಾಯಿತು.

ಬೈರಪ್ಪ ಕೆಲಸಕ್ಕೆ ಹೊರಡುವ ಹೊತ್ತು ಇದೇ. ಅವನ ಎದುರಿಗೇ ಕೊಡಬೇಕು. ನಮ್ಮವರು ಇವರ ಹತ್ತಿರ ಇಸ್ಕೊಂಡಿದ್ದರು, ತಗೊಳ್ಳಿ. ಅಷ್ಟು ಸಾಕು. ಮುಂದಿನದನ್ನು ಬೈರಪ್ಪ ನೋಡಿಕೊಳ್ಳುತ್ತಾನೆ.

*

ನಿನ್ನೆ ಜಂಬಣ್ಣನನ್ನು ಹಣೆತುಂಬ ವಿಭೂತಿ ಹಚ್ಚಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಬಂದ ಹೆಂಗಸರು ಅತ್ತರು. ಅತ್ತು ಸಾಕಾದವರು ಮಾತಿಗೆ ತೊಡಗಿದರು. ಸಾಲಿನ ಕೊನೆಯ ಮನೆಯ ಮುದುಕಿ ಪಾಪಮ್ಮ ಸೊಂಟದಿಂದ ಒಂದು ಪುಟ್ಟ ಡಬ್ಬಿ ತೆಗೆದಳು. ಹಸಿರು ಫೆಲ್ಟಿನದು, ಎಂದರೆ ಒತ್ತಿ ಮಾಡಿದ ದಪ್ಪ ಉಣ್ಣೆಬಟ್ಟೆಯದು; ಮುಚ್ಚಳದ ಮೇಲೆ ಕೆಂಪು ಹೂವು.

"ನೋಡವ್ವ, ನಿನ್ ಗಂಡ ಹೊಲ್ಕೊಟ್ಟಿದ್ದು. ಅಡ್ಕೆ ಹಾಕ್ಕೊ ಅಜ್ಜಿ, ಹಲ್ಲಿಲ್ದಿದ್ರೂ ವೈಯಾರಕ್ಕಿರ್ಲಿ ಅಂದ."

"ನಂಗೂ ಕೊಟ್ಟವ್ರೆ, ಓಲೆ ಇಡಕ್ಕೆ," ಎಂದಳು ಪಕ್ಕದ ಮನೆಯ ಬೋರಮ್ಮ. "ಹಾಸ್ಗೆ ಹಿಡಿದ್ರೂ ಮಹಾರಾಯಂದು ಕೈ ಸುಮ್ನಿರ್ತಿರ್ಲಿಲ್ಲ."

ನೀಲಗಂಗ ಡಬ್ಬಿಯನ್ನು ಕೈಗೆ ತೆಗೆದುಕೊಂಡಳು. ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ಮೂಲೆಗಳೆಲ್ಲ ಹೀಗೆ ಕೂಡಿದ್ದನ್ನು ಅವನು ತನಗೆ ತೋರಿಸಿಯೇ ಇರಲಿಲ್ಲ. ಅಂಚಿಗೆ ಒತ್ತಾಗಿ ಕಾಜಾ ಹೊಲಿಗೆ. ಜಂಬಣ್ಣ ಎಡಚ, ಅವನ ಹೊಲಿಗೆ ಎಡಕ್ಕೆ ವಾಲುತ್ತಿತ್ತು. ಡಬ್ಬಿಯ ಅರ್ಧಕ್ಕೆ ಹಾಗೇ ವಾಲಿತ್ತು. ಉಳಿದರ್ಧ ಬಲಕ್ಕೆ ವಾಲಿತ್ತು. ಎರಡೂ ಒಂದು ಮೂಲೆಯಲ್ಲಿ ಸೇರಿ ಒಂದೇ ಗಂಟಾಗಿದ್ದವು.

ಅವಳು ಬೆರಳಿಟ್ಟು ನೋಡುತ್ತಿದ್ದುದನ್ನು ಪಾಪಮ್ಮ ಕಂಡಳು.

"ಆ ಕಡೇದು ನಿನ್ ಗಂಡಂದು, ಈ ಕಡೇದು ಕಮಲಾಕ್ಷೀದು. ನೀನು ಸ್ಕೂಲಿಗ್ ಹೋದ್ಮೇಲೆ ಎದುರುಬದುರು ಕೂತ್ಕೊಂಡು ಒಂದೇ ಡಬ್ಬೀನ ಇಬ್ರೂ ಹೊಲ್ಯೋರು. ಬಾಗ್ಲು ತೆಗ್ದೇ ಇರ್ತಿತ್ತು ಬಿಡು, ಯಾಕ್ ಸುಳ್ಳೇಳ್ಲಿ."

"ಸುಮ್ನಿರಜ್ಜಿ, ಹೆಣದ್ ಮುಂದೆ," ಎಂದು ಬೋರಮ್ಮ ಗದರಿದಳು.

ಇಷ್ಟು ಸಣ್ಣ ಡಬ್ಬಿಯನ್ನು ಇಬ್ಬರು ಒಟ್ಟಿಗೆ ಹೊಲಿಯಬೇಕಾದರೆ ತಲೆಗಳು ಎಷ್ಟು ಹತ್ತಿರ ಬರಬೇಕು? ಸುತ್ತ ಅಳು ನಡೆದಿರುವಾಗ ನೀಲಗಂಗ ಕೂತು ಅದನ್ನು ಅಳೆಯುತ್ತಿದ್ದಳು.

ಕೊನೆಗೆ ಕಮಲಾಕ್ಷಮ್ಮ ಬಂದಳು. ಕನಕಾಂಬರದ ಮಾಲೆ ಇಟ್ಟಳು. ಅಳಲಿಲ್ಲ. ಮಿಕ್ಕವರೆಲ್ಲ ಸತ್ತವನ ಮುಖ ನೋಡಿ ಹೋಗಿದ್ದರು. ಅವಳು ತೊಡೆಯ ಮೇಲಿದ್ದ ಅವನ ಎಡಗೈಯನ್ನು ನೋಡಿ ಹೋದಳು.

ಆ ಮನೆಯಲ್ಲಿ ಅಳದಿದ್ದವರು ಅವಳು ಮತ್ತು ನೀಲಗಂಗ, ಇಬ್ಬರೇ.

*

ಹೃದಯ ದುರ್ಬಲವಾಗಿದೆ, ಮಲಗಿಯೇ ಇರಬೇಕು ಎಂದು ಡಾಕ್ಟರು ಹೇಳಿದ ಮೇಲೆ ಜಂಬಣ್ಣ ಕಾರ್ಖಾನೆ ಬಿಟ್ಟಿದ್ದ. ಬಿ.ಎ. ಓದಿದ್ದ ನೀಲಗಂಗ ಶಾಲೆಯ ಕೆಲಸ ಹಿಡಿದಳು. ಹಾರ್ಮೋನಿಯಂ ತಯಾರಿಸುವಲ್ಲಿ ಕೆಲಸಕ್ಕಿದ್ದ ಬೈರಪ್ಪನೇ ಒಂದು ಚೀಲ ಫೆಲ್ಟಿನ ಚೂರು ತಂದು, "ಹಾರ್ಮೋನಿಯಂನಲ್ಲಿ ಬೆರಳಲ್ಲಿ ಒತ್ತೋ ಮನೆ ಕೆಳಗೆ ಹಾಕಿ ಮಿಕ್ಕಿದ್ದು. ಏನಾರ ಮಾಡ್ತಿರಿ ಜಂಬಣ್ಣೋರೆ, ಹೊತ್ತು ಹೋಗ್ಲಿ" ಎಂದು ಕೊಟ್ಟಿದ್ದ.

ಮೊದಲ ಡಬ್ಬಿ ಅವಳಿಗೇ ಬಂದಿತ್ತು. ಅವಳು ಮಕ್ಕಳ ಪರೀಕ್ಷೆಯ ಹಾಳೆಗಳನ್ನು ತಿದ್ದುತ್ತಿದ್ದಳು.

"ಸೀಮೆಸುಣ್ಣ ಇಟ್ಕೊ," ಎಂದ ಜಂಬಣ್ಣ.

ತಿರುಗಿಸಿ ನೋಡಿದಳು. "ಈ ಮೂಲೆ ಕೂಡೇ ಇಲ್ವಲ್ಲ."

"ಒಂದೇ ಕಡೆಯಿಂದ ಹೊಲ್ಕೊಂಡು ಹೋದ್ರೆ ಬಟ್ಟೆ ಜಗ್ಗುತ್ತೆ, ಕೊನೇ ಮೂಲೆ ಬಾಯ್ಬಿಡುತ್ತೆ. ಆ ಕಡೆಯಿಂದ ಇನ್ನೊಬ್ರು ಹೊಲ್ಕೊಂಡು ಬಂದ್ರೆ ಸರಿಹೋಗುತ್ತೆ. ಬಾರೆ, ಸೂಜಿ ಹಿಡಿ."

"ಇದು ಮುಗೀಲಿ ಮಾರಾಯ. ಭಾನುವಾರ ನೋಡೋಣ."

ಭಾನುವಾರ ಬಟ್ಟೆ ಒಗೆಯುವುದಿತ್ತು.

*

"ಎಲ್ಲಿಗ್ ಹೊಂಟೀ?" ಎಂದಳು ಶಿವಕ್ಕ, ಹೊಗೆಯಲ್ಲಿ ಕಣ್ಣುಜ್ಜುತ್ತ.

"ಎದುರುಮನೆಗೆ. ಅವರದೊಂದು ಸಾಮಾನು ಉಳ್ಕೊಂಡಿದೆ."

"ಕೊಟ್ಟ್ ಬಾ. ನಮ್ಮೊಳಗೆ ಸೂತಕ ಅಂಬೋದಿಲ್ಲ. ಅವ್ರೇನಂತಾರೋ ನೋಡ್ಕೋ."

ನೀಲಗಂಗ ಬೀದಿಗಿಳಿದಾಗ ನಲ್ಲಿಯ ಹತ್ತಿರದವರು ತಿರುಗಿ ನೋಡಿದರು. ಪಾಪಮ್ಮ ಬಿಂದಿಗೆಯನ್ನು ಕಂಕುಳಿಗೇರಿಸಿ, "ಅಯ್ಯೋ ಟೀಚರಮ್ಮ, ಬೆಳಗ್ಗೆ ಬೆಳಗ್ಗೆ ಮುತ್ತೈದೆ ಮನೆ ಬಾಗ್ಲಿಗಾ?" ಎಂದಳು. ನೀಲಗಂಗ ನಿಲ್ಲಲಿಲ್ಲ.

ಬೈರಪ್ಪ ಸೈಕಲ್ಲನ್ನು ಹೊಸ್ತಿಲಿನಿಂದ ಕೆಳಗಿಳಿಸುತ್ತಿದ್ದ. ಕಮಲಾಕ್ಷಮ್ಮ ಊಟದ ಕ್ಯಾರಿಯರ್ ಹಿಡಿದು ಅವನ ಹಿಂದೆ ನಿಂತಿದ್ದಳು. ನೀಲಗಂಗ ಅಂಗೈ ಬಿಚ್ಚಿದಳು.

"ಅಯ್ಯ, ನಮ್ಮಪ್ಪಂದು!" ಬೈರಪ್ಪ ಸೈಕಲ್ಲನ್ನು ಗೋಡೆಗೆ ಒರಗಿಸಿದ. "ಎಲ್ಲಿ ಸಿಕ್ತಮ್ಮ ಇದು?"

"ನಮ್ಮನೇಲಿ."

"ನಿಮ್ಮನೇಲಾ?" ಬೈರಪ್ಪ ನಿಧಾನವಾಗಿ ಹೆಂಡತಿಯ ಕಡೆ ತಿರುಗಿದ.

ಅವಳು ಬೇಡಿಕೊಳ್ಳುತ್ತಾಳೆಂದು ನೀಲಗಂಗ ಎಣಿಸಿದ್ದಳು. ಕಣ್ಣಿನಲ್ಲಾದರೂ. ಕಮಲಾಕ್ಷಮ್ಮ ಬೇಡಲಿಲ್ಲ. ತಲೆ ಎತ್ತಿ ನೇರ ನೋಡಿದಳು, ಹೇಳಿಬಿಡು ಎನ್ನುವಂತೆ. ಹೇಳಿದರೆ ಬೈರಪ್ಪ ಹೊಡೆಯುತ್ತಾನೆ, ಇಡೀ ಸಾಲು ಕೇಳಿಸಿಕೊಳ್ಳುತ್ತದೆ, ಜಂಬಣ್ಣನಿಗಾಗಿ ಅವಳು ಬಾಯಿ ಕಟ್ಟಿಕೊಂಡಿದ್ದಳೆಂದು ಎಲ್ಲರಿಗೂ ತಿಳಿಯುತ್ತದೆ. ಆಮೇಲೆ ಜಂಬಣ್ಣನ ಮೇಲಿನ ಆ ಹಕ್ಕನ್ನು ಅವಳಿಂದ ಯಾರೂ ಕಸಿಯಲಾರರು.

"ನಾನೇ ಇಸ್ಕೊಂಡಿದ್ದೆ," ಎಂದಳು ನೀಲಗಂಗ.

ನಲ್ಲಿಯ ನೀರು ಬಿಂದಿಗೆ ತುಂಬಿ ಹೊರಗೆ ಸುರಿಯುತ್ತಿತ್ತು.

"ಹೊಲಿಗೆ ಕಲೀತಿದ್ದೆ, ನಮ್ಮವರ ಜೊತೆ. ಇವರನ್ನ ಕೇಳಿ ತಗೊಂಡಿದ್ದೆ. ವಾಪಸ್ ಕೊಡೋದು ಮರೆತೆ. ಇವರಿಗೂ ಮರೆತುಹೋಗಿರಬೇಕು."

ಕಮಲಾಕ್ಷಮ್ಮನ ಮುಖ ಆಗ ಬಾಡಿತು. ಏಟು ತಿಂದ ಮರುದಿನ ನಲ್ಲಿಗೆ ಬಂದಾಗಲೂ ಅದು ಹೀಗೆ ಬಾಡಿರಲಿಲ್ಲ.

"ನೋಡೇ, ಟೀಚರಮ್ಮಂಗೆ ಕೊಟ್ಟಿದೀನಿ ಅನ್ನಕ್ಕೆ ಏನಾಗಿತ್ತೇ ನಿಂಗೆ? ಸುಮ್ಸುಮ್ನೆ ಒದೆ ತಿಂದೆ," ಎಂದ ಬೈರಪ್ಪ.

"ಹೂಂ," ಎಂದಳು ಅವಳು. ತಡೆದು, "ಇವರೇ ಇಸ್ಕೊಂಡಿದ್ದು. ನೆನಪಾಗ್ಲಿಲ್ಲ" ಎಂದಳು.

ಬೈರಪ್ಪ ಅಂಗುಸ್ತಾನವನ್ನು ಪಂಚೆಯ ತುದಿಯಿಂದ ಒರೆಸಿ ಬೆರಳಿಗೆ ಹಾಕಿಕೊಳ್ಳಲು ನೋಡಿದ. ಬೆರಳು ಅರ್ಧಕ್ಕೇ ನಿಂತಿತು. ಬೆಳಕಿಗೆ ಹಿಡಿದು ಒಳಗೆ ಇಣುಕಿದ.

"ಇದೇನಮ್ಮ ತುರುಕಿದೀರಿ?" ನಗುತ್ತ ಉಗುರು ಹಾಕಿ ಎಬ್ಬಿಸಿದ. ಕೆಂಪು ಫೆಲ್ಟಿನ ಸಣ್ಣ ಪಟ್ಟಿಯೊಂದು ಈಚೆಗೆ ಬಂತು. "ನಮ್ಮಪ್ಪಂದು ದಪ್ಪ ಬೆರಳು. ನಿಮಗೆ ಸಡ್ಲ ಆಗಿರ್ಬೇಕು."

ಪಟ್ಟಿ ಬಿಚ್ಚಿಕೊಳ್ಳಲಿಲ್ಲ. ಹಾಸಿಗೆ ಹಿಡಿದು ಸೊರಗಿದ ಒಂದು ಬೆರಳಿನ ಸುತ್ತಳತೆಗೆ ಸುರುಳಿಯಾಗಿ, ಉಂಗುರದಂತೆ ಹಾಗೆಯೇ ಅವನ ಅಂಗೈಯಲ್ಲಿ ನಿಂತಿತ್ತು. ಬೈರಪ್ಪ ಅದನ್ನು ಉಫ್ ಎಂದು ಊದಿದ. ಅದು ಬಾಗಿಲ ಮುಂದಿನ ಚರಂಡಿಗೆ ಬಿತ್ತು. ನಲ್ಲಿಯಿಂದ ಹರಿದು ಬರುತ್ತಿದ್ದ ನೀರಿನಲ್ಲಿ ಒಂದು ಸುತ್ತು ತಿರುಗಿ, ಕಲ್ಲಿಗೆ ತಾಗಿ ನಿಂತು, ಮತ್ತೆ ಹೊರಟಿತು.

ಇಬ್ಬರು ಹೆಂಗಸರೂ ಅದನ್ನೇ ನೋಡುತ್ತ ನಿಂತರು. ಯಾರೂ ಬಗ್ಗಲಿಲ್ಲ.