ಕೊಂಡಿಗೆ ಕಿವಿಗೊಟ್ಟವನು

“ಗಂಡನ ಹೆಣ ಒಳಗಿದೆ, ಇವಳು ಹಿತ್ತಿಲಲ್ಲಿ ಕೂತು ಕಬ್ಬಿಣ ತೊಳೀತಿದ್ದಾಳಲ್ಲ! ಬುದ್ಧಿ ನೆಟ್ಟಗಿದೆಯಾ?”

ಗಂಡನ ಅಕ್ಕ, ಅತ್ತಿಗೆಯ ಮಾತು ಕೇಳಿಸಿದರೂ ಪೇಂಟರಮ್ಮ ತಲೆ ಎತ್ತಲಿಲ್ಲ. ಹಗ್ಗಕ್ಕೆ ಜೋತುಬಿದ್ದು ಎತ್ತರದ ಗೋಪುರಗಳಿಗೆ ಬಣ್ಣ ಬಳಿಯುವವಳು ಅವಳು. ಮುಂದಿದ್ದ ಬಕೆಟ್ಟಿನ ತುಂಬ ಆ ಹಗ್ಗದ ಕೊಂಡಿಗಳು. ಸ್ಮಶಾನವಿರುವುದು ಗುಡ್ಡದ ಮೇಲೆ. ನಿನ್ನೆ ಅದರ ದಾರಿ ಕುಸಿದುಹೋಗಿತ್ತು. ಕಡಿದಾದ ಬಂಡೆಯೊಂದೇ ಗತಿ. ಹೆಣದ ಪೆಟ್ಟಿಗೆಯನ್ನು ಹಗ್ಗ ಕಟ್ಟಿ ಮೇಲೆಳೆಯುತ್ತೇವೆಂದು ಅವಳ ಜೊತೆ ಕೆಲಸದವರೇ ಮುಂದೆ ಬಂದಿದ್ದರು. ಆದರೆ ಕೊಂಡಿಗಳು ಸಮುದ್ರದ ಪಕ್ಕದ ಕೆಲಸ ಮುಗಿಸಿ ಬಂದವು, ಮೈತುಂಬ ಉಪ್ಪು. ತೊಳೆಯಬೇಕಿದ್ದ ಗಂಡ ತೊಳೆಯುವ ಮೊದಲೇ ಹೊರಟುಬಿಟ್ಟಿದ್ದ.

“ತೊಳೀದೆ ಇರೋ ಕೊಂಡಿಗೆ ಅವರನ್ನ ತೂಗುಹಾಕಲಾ ಅತ್ತಿಗೆ?”

ಜೊತೆ ಕೆಲಸದವರ ಮೇಸ್ತ್ರಿ ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ. “ಅಕ್ಕಾ, ಹೊತ್ತಾಗ್ತಿದೆ. ಎಲ್ಲಾ ಚೆನ್ನಾಗೇ ಇರ್ತವೆ ಬಿಡು.”

“ಚೆನ್ನಾಗಿದೆಯೋ ಇಲ್ವೋ ಅಂತ ನಾವಿಬ್ರೂ ಯಾವತ್ತು ನೋಡಿದ್ದೀವಪ್ಪಾ? ನೋಡ್ತಿದ್ದೋರು ಒಳಗೆ ಮಲಗಿದ್ದಾರೆ.”

ಇಷ್ಟು ವರ್ಷ ಅವನು ‘ಹೂಂ’ ಅಂದ ಕೊಂಡಿಗೆ ಕಣ್ಣು ಮುಚ್ಚಿ ಜೋತುಬಿದ್ದವಳು, ಇವತ್ತು ‘ಹೂಂ’ ಅನ್ನಬೇಕಾದವಳು ತಾನೇ. ತಪ್ಪಿದರೆ ಬೀಳುವವನು ಅವನು.

* * *

ಅವನು ವಾಚ್ ರಿಪೇರಿಯವನು. ಸ್ಟೂಲು ಹತ್ತಿದರೂ ತಲೆ ಸುತ್ತುವ ಆಸಾಮಿ. ಮದುವೆಯ ಹೊಸದರಲ್ಲಿ ಒಂದೇ ಒಂದು ಸಲ ಅವಳ ಕೆಲಸ ನೋಡಲು ಬಂದು, ಗೋಪುರದ ಬುಡದಲ್ಲಿ ಕಣ್ಣು ಮುಚ್ಚಿಕೊಂಡು ಕೂತಿದ್ದ. ಆ ಸಂಜೆ ಕೊಂಡಿಯೊಂದನ್ನು ಕೈಗೆತ್ತಿಕೊಂಡ.

“ನಿನ್ನನ್ನ ಹಿಡ್ಕೊಂಡಿರೋದು ಇಷ್ಟೇನಾ?”

ಅದರ ಸ್ಪ್ರಿಂಗಿನ ನಾಲಿಗೆಯನ್ನು ಕಿವಿಯ ಹತ್ತಿರ ಒತ್ತಿ ಬಿಟ್ಟ. ಮುಖ ಹುಳ್ಳಗೆ ಮಾಡಿದ. “ಇದು ಗೊಣಗ್ತಿದೆ ಕಣೇ.”

ಅಂದಿನಿಂದ ಅದು ಅವನ ಕೆಲಸವಾಯಿತು. ಉಗುರುಬೆಚ್ಚಗಿನ ನೀರು, ಸೋಪು, ಹಲ್ಲುಜ್ಜುವ ಬ್ರಷ್ಷು. ಒಲೆಯ ಹತ್ತಿರ ಸುಳಿಯಗೊಡದೆ ನೆರಳಲ್ಲೇ ಒಣಗಿಸುವುದು. ನಾಲಿಗೆಯ ಬುಡಕ್ಕೆ ಧೂಳಂಟದ ಮೇಣದೆಣ್ಣೆ ಒಂದೇ ಹನಿ, ಹೆಚ್ಚಾದದ್ದನ್ನು ಒರೆಸಿ ತೆಗೆಯುವುದು. ಆಮೇಲೆ ಬಿರುಕು, ಸವೆತಕ್ಕಾಗಿ ಉಗುರಾಡಿಸುವುದು. ಅವಳು ಅವಸರಕ್ಕೆ ಅಡುಗೆ ಎಣ್ಣೆ ಸುರಿದ ದಿನ ಮಾತ್ರ ರೇಗಿದ್ದ.

“ಅದಕ್ಕೆ ಧೂಳು ಮೆತ್ಕೊಳ್ಳುತ್ತೆ! ನಾಲಿಗೆ ಅರ್ಧಕ್ಕೇ ನಿಂತ್ರೆ, ಸಂಜೆ ನಾನು ಯಾರಿಗೆ ಟೀ ಕಾಸಲಿ?”

ಎಂಥಾ ಮನುಷ್ಯ! ಹತ್ತಬೇಡ ಅಂತ ಒಂದು ದಿನವೂ ಅನ್ನಲಿಲ್ಲ.

* * *

ಒಣಗಿದ ಕೊಂಡಿಗಳಿಗೆ ಮೇಣದೆಣ್ಣೆ ಹಾಕಿ ಒರೆಸಿ, ಪೇಂಟರಮ್ಮ ಒಂದನ್ನು ಕಿವಿಗೆ ಹಿಡಿದಳು. ಒಳಗಿನ ಅಳುವಿನ ಗಲಾಟೆಯಲ್ಲಿ ಏನೂ ಕೇಳಿಸಲಿಲ್ಲ. ಇನ್ನೊಮ್ಮೆ ಒತ್ತಿದಳು. ಕಣ್ಣು ತುಂಬಿ ಬಂತು.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅತ್ತಿಗೆ ತಟ್ಟನೆ ಒಳಗೆ ತಿರುಗಿದಳು. “ಸ್ವಲ್ಪ ಸುಮ್ನಿರ್ರೋ! ಅಳೋಕೆ ಇಡೀ ದಿನ ಇದೆ. ಅವಳು ಕೇಳಿಸ್ಕೋಬೇಕು.”

ಮನೆ ಗಪ್‌ಚಿಪ್ಪಾಯಿತು. ಟಕ್. ಇನ್ನೊಂದು, ಟಕ್. ಕೊನೆಯದು ಮಾತ್ರ ತಡೆದು ತಡೆದು ಮುಚ್ಚಿಕೊಂಡಿತು. ಮತ್ತೆ ತೊಳೆದು ಒಣಗಿಸಿದರೂ ಅದೇ ಹಾಡು.

“ಒಂದು ತಾನೆ ಅಕ್ಕಾ, ನಡೆಯುತ್ತೆ,” ಎಂದ ಮೇಸ್ತ್ರಿ.

ಅವಳು ಗರಗಸ ತಂದು ಅದನ್ನು ಎರಡು ತುಂಡು ಮಾಡಿದಳು.

“ಅಯ್ಯೋ, ಎಸೆದಿದ್ರೆ ಸಾಕಾಗಿತ್ತಲ್ಲ?” ಎಂದಳು ಅತ್ತಿಗೆ.

“ಯಾರಾದ್ರೂ ಎತ್ಕೊಂಡು ಹತ್ತಿಬಿಡ್ತಾರೆ ಅಂತ ಅವರು ಹೀಗೇ ಮಾಡ್ತಿದ್ರು.”

ಅತ್ತಿಗೆ ತುಂಡುಗಳನ್ನು ಕೈಗೆತ್ತಿಕೊಂಡಳು. “ನನ್ನ ತಮ್ಮ ಹೆದರುಪುಕ್ಕಲ ಅಂತ ಜನ್ಮವೆಲ್ಲಾ ಗೇಲಿ ಮಾಡಿದೆ,” ಎಂದಳು.

ಮಧ್ಯಾಹ್ನ ಪೇಂಟರಮ್ಮ ಬಂಡೆಯ ನೆತ್ತಿಯಲ್ಲಿ ನಿಂತು ಹಗ್ಗ ಎಳೆದಳು. ಕೆಳಗೆ ಅತ್ತಿಗೆ ಕಣ್ಣು ಮುಚ್ಚಿಕೊಂಡು ಕೂತಿದ್ದಳು. ಸ್ಟೂಲು ಹತ್ತದ ಮನುಷ್ಯ ಒಂದಿಷ್ಟೂ ಅಲುಗಾಡದೆ ಮೇಲೆ ಬಂದ.

ಪೆಟ್ಟಿಗೆ ನೆಲ ಮುಟ್ಟಿದ ಮೇಲೆ ಅವಳು ಕೊಂಡಿಗಳನ್ನು ಒಂದೊಂದಾಗಿ ಬಿಚ್ಚಿದಳು. ಕೊನೆಯದರ ಧೂಳನ್ನು ಊದಿ ಒರೆಸಿದಳು. ಮಂಡಿಯೂರಿ, ಮುಚ್ಚಳದ ಮೇಲೆ ಅವನ ಕಿವಿಯಿರುವ ಕಡೆಗೆ ಅದನ್ನು ಹಿಡಿದು, ನಾಲಿಗೆ ಒತ್ತಿ ಬಿಟ್ಟಳು.

ಟಕ್.