ಗೋಡೆಯಲ್ಲೊಂದು ನಾಲಿಗೆ

ನಾನು ಒಂದು ಥರ್ಮೋಸ್ಟಾಟ್. ಹೆಸರು ಕೇಳಿ ಹೆದರಬೇಡಿ. ನಿಮ್ಮ ಇಸ್ತ್ರಿ ಪೆಟ್ಟಿಗೆಯೊಳಗೆ ಕೂತು ಆಗಾಗ ಟಿಕ್ ಎನ್ನುತ್ತದಲ್ಲ, ಅದು ನಮ್ಮ ವಂಶದ ಕೊನೆಯ ಕುಡಿ. ನಾನು ಅದರ ಮುತ್ತಜ್ಜನ ಕಾಲದವನು. ಅಮೆರಿಕದ ಒಂದು ಚಳಿಯ ಊರಿನಲ್ಲಿ ಹುಟ್ಟಿದೆ. ಅಲ್ಲಿನವರು ಮನೆಯ ನೆಲಮಾಳಿಗೆಯಲ್ಲಿ ಕಬ್ಬಿಣದ ದೊಡ್ಡ ಒಲೆ ಹೂಡಿ, ಅದರ ಬಿಸಿಗಾಳಿಯನ್ನು ತಗಡಿನ ಕೊಳವೆಗಳಲ್ಲಿ ಕೋಣೆಕೋಣೆಗೂ ಹರಿಸುತ್ತಿದ್ದರು. ಒಲೆಗೆ ಬುದ್ಧಿ ಎಲ್ಲಿಂದ ಬರಬೇಕು? ಒಮ್ಮೆ ಮನೆಮಂದಿಯನ್ನೆಲ್ಲ ಬೇಯಿಸುತ್ತಿತ್ತು, ಒಮ್ಮೆ ನಡುಗಿಸುತ್ತಿತ್ತು. ಗಳಿಗೆಗೊಮ್ಮೆ ಯಾರಾದರೂ ಮೆಟ್ಟಿಲಿಳಿದು ಅದರ ಗಾಳಿಬಾಗಿಲನ್ನು ತೆರೆಯಬೇಕು, ಮುಚ್ಚಬೇಕು. ಆ ಓಡಾಟ ತಪ್ಪಲಿ ಎಂದು ನನ್ನನ್ನು ಮಾಡಿದರು.

ನನ್ನ ಒಳಗೆ ಒಂದು ನಾಲಿಗೆ ಇದೆ. ಹಿತ್ತಾಳೆ ಪಟ್ಟಿಯನ್ನೂ ಉಕ್ಕಿನ ಪಟ್ಟಿಯನ್ನೂ ಬೆನ್ನಿಗೆ ಬೆನ್ನು ಹಚ್ಚಿ ಬೆಸೆದದ್ದು. ಬಿಸಿ ತಾಕಿದರೆ ಹಿತ್ತಾಳೆ ಮುಂದೆ ನುಗ್ಗುತ್ತದೆ, ಉಕ್ಕು ಹಿಂದೆ ಉಳಿಯುತ್ತದೆ, ಇಬ್ಬರ ಜಗ್ಗಾಟದಲ್ಲಿ ನಾಲಿಗೆ ಒಂದು ಕಡೆಗೆ ಬಾಗುತ್ತದೆ. ತಣ್ಣಗಾದರೆ ಇನ್ನೊಂದು ಕಡೆಗೆ. ಎರಡು ಕಡೆಯೂ ಒಂದೊಂದು ಮೊಳೆ ಇದೆ. ನಾಲಿಗೆ ಮೊಳೆಗೆ ತಾಕಿದ ಕೂಡಲೇ ತಂತಿಯಲ್ಲಿ ಸುದ್ದಿ ಹೋಗಿ, ನೆಲಮಾಳಿಗೆಯಲ್ಲಿ ಕೀಲಿ ಕೊಟ್ಟಿಟ್ಟ ಯಂತ್ರ ತಿರುಗಿ, ಸರಪಣಿ ಎಳೆದು ಒಲೆಯ ಗಾಳಿಬಾಗಿಲನ್ನು ಮುಚ್ಚುತ್ತದೆ ಇಲ್ಲವೇ ತೆರೆಯುತ್ತದೆ. ನನಗೆ ಬರುವ ಮಾತು ಎರಡೇ, ಬಿಸಿ ಮತ್ತು ತಣ್ಣಗೆ. ಅದನ್ನು ಆಡುವುದೂ ನನ್ನ ಇಷ್ಟದಂತಲ್ಲ. ಮೈಗೆ ಯಾವ ಗಾಳಿ ತಾಕಿತೋ ಆ ಮಾತೇ ಹೊರಗೆ ಬರುತ್ತದೆ.

ಹಡಗು, ರೈಲು, ಎತ್ತಿನ ಗಾಡಿ ಎಲ್ಲ ಹತ್ತಿ ಇಳಿದು ನಾನು ಬಂದು ಸೇರಿದ್ದು ಊಟಿಗೆ. ಹಾರ್ಬಿನ್ ಎಂಬ ಟೀ ತೋಟದ ದೊರೆ ನನ್ನನ್ನು ತನ್ನ ಬಂಗಲೆಯ ನಡುಮನೆಯ ಗೋಡೆಗೆ ತಿರುಪು ಬಿಗಿದು ಕೂರಿಸಿದ. ಅಲ್ಲಿಂದ ಮುಂದೆ ನನಗೆ ಕಾಣುತ್ತಿದ್ದುದು ಎದುರಿನ ಕಿಟಕಿ, ಎಡಕ್ಕೊಂದು ಕೋಣೆಯ ಬಾಗಿಲು, ಕೆಳಗೆ ನೆಲದಲ್ಲಿ ಬಿಸಿಗಾಳಿ ಬರುವ ಕಬ್ಬಿಣದ ಜಾಲರಿ, ಇಷ್ಟೇ. ದೊರೆಗೆ ನನ್ನ ಮೇಲೆ ಎಷ್ಟು ನಂಬಿಕೆಯೆಂದರೆ, ಕೋಣೆಗಳಲ್ಲಿದ್ದ ಹಳೆಯ ಬೆಂಕಿಗೂಡುಗಳನ್ನೆಲ್ಲ ಇಟ್ಟಿಗೆ ಇಟ್ಟು ಮುಚ್ಚಿಸಿಬಿಟ್ಟ. ಒಮ್ಮೆ ಒಬ್ಬ ಆಳು ಹೆಚ್ಚು ಬಿಸಿ ಬರಲಿ ಎಂದು ಗಾಳಿಬಾಗಿಲಿಗೆ ಕಲ್ಲು ಕೊಟ್ಟು ತೆರೆದಿಟ್ಟಿದ್ದ. ಕೊಳವೆ ಕೆಂಪಗೆ ಕಾದು ಮೇಲಿನ ತೊಲೆ ಹೊಗೆಯಾಡಿತು. ಅಂದಿನಿಂದ ಸರಪಣಿಯನ್ನು ಯಾರೂ ಮುಟ್ಟಕೂಡದೆಂಬ ಕಟ್ಟಪ್ಪಣೆ ಆ ಮನೆಯಲ್ಲಿ ಉಳಿಯಿತು.

ದೊರೆ ಮುದುಕನಾಗಿ ತನ್ನ ದೇಶಕ್ಕೆ ಹೊರಟಾಗ ಬಂಗಲೆಯನ್ನು ಕೊಂಡವರು ತೆರಕಣಾಂಬಿ ಕಡೆಯ ಮರದ ವ್ಯಾಪಾರಿ ಗುರುಮಲ್ಲಪ್ಪನವರು. ಸರಪಣಿಯ ಕಟ್ಟಪ್ಪಣೆಯೂ ಮನೆಯ ಜೊತೆಗೇ ಅವರ ಕೈಗೆ ಬಂತು. ಅವರ ಹೆಂಡತಿ ಮಲ್ಲಾಜಮ್ಮ ಮೊದಲ ದಿನ ಮನೆಯೆಲ್ಲ ಸುತ್ತಿ, ಇಷ್ಟು ದೊಡ್ಡ ಮನೆಯಲ್ಲಿ ದೇವರಿಗೆ ಒಂದು ಗೂಡಿಲ್ಲವಲ್ಲ ಎಂದು ಮುಖ ಸಿಂಡರಿಸಿದರು. ಕೊನೆಗೆ ಅವರ ಕಣ್ಣು ಬಿದ್ದದ್ದು ನನ್ನ ಗೋಡೆಯ ಮೇಲೆ. ಮೂಡಲಿಗೆ ಮುಖ, ಕೆಳಗೊಂದು ಮರದ ಹಲಗೆ, ಬೇರೇನು ಬೇಕು? ನನ್ನ ಪಕ್ಕದಲ್ಲಿ ಮನೆದೇವರು ಮಾದಪ್ಪನ ಪಟ ಬಂತು, ಹಲಗೆಯ ಮೇಲೆ ಹೂವು ಬಂತು, ಸರಿಯಾಗಿ ನನ್ನ ಗಲ್ಲದ ಕೆಳಗೆ ದೀಪ ಬಂತು.

ಅದು ಸಂಜೆಯ ಪುಟ್ಟ ದೀಪ. ಉರಿಯುವಷ್ಟು ಹೊತ್ತು ನನ್ನ ನಾಲಿಗೆ ಬಿಸಿ ಎನ್ನುತ್ತಿತ್ತು, ಕೆಳಗೆ ಒಲೆಯ ಬಾಗಿಲು ಮುಚ್ಚಿಕೊಳ್ಳುತ್ತಿತ್ತು, ಮನೆ ತುಸು ತಣ್ಣಗಾಗುತ್ತಿತ್ತು. ದೀಪ ಶಾಂತವಾದ ಮೇಲೆ ಎಲ್ಲ ಸರಿಹೋಗುತ್ತಿತ್ತು. ಊಟಿಯಲ್ಲಿ ಸಂಜೆ ಚಳಿಯಾಗದೆ ಇನ್ನೇನಾಗುತ್ತದೆ ಎಂದುಕೊಂಡು ಎಲ್ಲರೂ ಶಾಲು ಹೊದೆಯುತ್ತಿದ್ದರು. ಮಲ್ಲಾಜಮ್ಮ ದೇವರ ಪಟ ಒರೆಸುವಾಗ ನನ್ನ ಮುಖವನ್ನೂ ಒರೆಸುತ್ತಿದ್ದರು. ನನ್ನನ್ನು ಗಡಿಯಾರ ಎಂದು ಕರೆಯುತ್ತಿದ್ದರು. ಗಂಟೆ ತೋರಿಸದ ಗಡಿಯಾರವನ್ನು ಅಷ್ಟು ಅಕ್ಕರೆಯಿಂದ ನೋಡಿಕೊಂಡವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅವರ ಸೊಸೆ ಸರ್ವಮಂಗಳ ಚೊಚ್ಚಲ ಬಸುರಿಯಾದಳು. ಹೆರಿಗೆಗೆ ತವರಿಗೆ ಕಳಿಸುವುದೆಂದು, ದಾರಿಗೆ ಕಟ್ಟುವ ಬುತ್ತಿಯ ಮಾತೂ ಆಗಿತ್ತು. ಆದರೆ ಏಳು ತಿಂಗಳು ಮುಗಿದು ಇನ್ನೂ ಎಂಟು ತುಂಬುವ ಮೊದಲೇ ನೋವು ಕಾಣಿಸಿಕೊಂಡಿತು. ಹುಲ್ಲಿನ ಮೇಲಿನ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗೆ ಹಾಸಿಕೊಳ್ಳುವ ಕಾಲ. ಗಂಡ ಮರ ನೋಡಲು ಕೇರಳದ ಕಾಡಿಗೆ ಹೋಗಿದ್ದ. ನನ್ನ ಎಡಗಡೆಯ ಕೋಣೆಯಲ್ಲೇ ಹೆಣ್ಣು ಮಗು ಹುಟ್ಟಿತು. ಅಂಗೈಯಲ್ಲಿ ಹಿಡಿಯುವಷ್ಟು ಇದೆ ಎಂದು ಸೂಲಗಿತ್ತಿ ಹೇಳಿದ್ದು ನನಗೆ ಕೇಳಿಸಿತು. ಅಳು ಕೇಳಿಸಲಿಲ್ಲ, ಬೆಕ್ಕಿನ ಮರಿಯ ಸದ್ದಿನಂಥದ್ದು ಏನೋ ಕೇಳಿಸಿತು.

ಡಾಕ್ಟರು ಬಂದು ನೋಡಿ, ಔಷಧಕ್ಕಿಂತ ಬಿಸಿಯೇ ಮುಖ್ಯ, ಕೋಣೆ ಹಗಲೂ ರಾತ್ರಿ ಬೆಚ್ಚಗಿದ್ದರೆ ಉಳಿಯುತ್ತದೆ, ಇಲ್ಲದಿದ್ದರೆ ನಾನೇನೂ ಹೇಳಲಾರೆ ಎಂದರು. ಗಾಡಿಯಲ್ಲಿ ಹೊರಗೆ ಒಯ್ಯುವುದಂತೂ ಬೇಡವೇ ಬೇಡ ಎಂದರು. ಮನೆಯವರು ಅಗ್ಗಿಷ್ಟಿಕೆಯಲ್ಲಿ ಇದ್ದಿಲ ಕೆಂಡ ಹಾಕಿ ಒಳಗಿಟ್ಟರು. ಮುಚ್ಚಿದ ಕೋಣೆಯಲ್ಲಿ ಅದರ ಗಾಳಿಗೆ ಉಸಿರು ಕಟ್ಟಿ ಮಗುವಿನ ತುಟಿ ನೀಲಿಗಟ್ಟಿತು. ಡಾಕ್ಟರು ಬೈದು ಅದನ್ನು ಹೊರಗೆ ಹಾಕಿಸಿದರು. ಬೆಂಕಿಗೂಡುಗಳು ಇಟ್ಟಿಗೆಯ ಹಿಂದಿದ್ದವು. ಉಳಿದದ್ದು ನೆಲಮಾಳಿಗೆಯ ಒಲೆ, ಒಲೆಯನ್ನು ಆಳುವ ನಾನು.

ಮಲ್ಲಾಜಮ್ಮ ಅಂದು ಸಂಜೆ ಹರಕೆ ಹೊತ್ತರು. ಮಗುವನ್ನು ತೊಟ್ಟಿಲಿಗೆ ಹಾಕುವ ದಿನದವರೆಗೂ ಮಾದಪ್ಪನ ಮುಂದೆ ದೀಪ ಆರದಂತೆ ನೋಡಿಕೊಳ್ಳುತ್ತೇನೆ ಎಂದರು. ತವರಿನಿಂದ ತಂದಿದ್ದ ದೊಡ್ಡ ಹಿತ್ತಾಳೆ ದೀಪ ಹೊರಬಂತು. ಹರಳೆಣ್ಣೆ ತುಂಬಿ, ಕಿರುಬೆರಳ ದಪ್ಪದ ಬತ್ತಿ ಹಾಕಿ, ನನ್ನ ಕೆಳಗೇ ಹಚ್ಚಿದರು. ಹಾಗೆ ಹಚ್ಚಿದ ದೀಪವನ್ನು ಹರಕೆ ಮುಗಿಯುವ ತನಕ ಇಟ್ಟ ಜಾಗದಿಂದ ಕದಲಿಸುವ ಹಾಗಿಲ್ಲ. ಕದಲಿಸಿದರೂ ಒಂದೇ, ಆರಿಸಿದರೂ ಒಂದೇ.

ನನ್ನ ಗತಿ ಏನಾಯಿತೆಂದು ನೀವೇ ಊಹಿಸಿ. ದೀಪದ ಝಳಕ್ಕೆ ನಾಲಿಗೆ ಬಿಸಿಯ ಮೊಳೆಗೆ ಹೋಗಿ ಅಂಟಿಕೊಂಡಿತು. ಕೆಳಗೆ ಗಾಳಿಬಾಗಿಲು ಮುಚ್ಚಿತು. ಒಲೆ ತುಂಬ ಜಾಲಿ ಸೌದೆ ಹಾಕಿದರೂ ಬರೀ ಹೊಗೆಯಾಡಿತು. ನಡುಮನೆಯಲ್ಲಿ ಓಡಾಡುವವರು ಕೈ ಕೈ ಉಜ್ಜಿಕೊಳ್ಳುವುದು ನನಗೆ ಕಾಣುತ್ತಿತ್ತು, ಕೋಣೆಯೊಳಗೆ ಬಾಣಂತಿಯ ಹಲ್ಲು ಕಟಕಟ ಎನ್ನುವುದು ಕೇಳುತ್ತಿತ್ತು. ಮನೆ ಹೆಪ್ಪುಗಟ್ಟುತ್ತಿದೆ ಎಂದು ನನಗೆ ಗೊತ್ತು. ಆದರೂ ನನ್ನ ನಾಲಿಗೆ ಬಿಸಿ, ಬಿಸಿ, ಬಿಸಿ ಎಂದೇ ಸಾರುತ್ತಿತ್ತು. ನನ್ನ ಮೈಯೇ ನನಗೆ ಸೆರೆಮನೆಯಾಯಿತು. ಕೂಗಿಕೊಳ್ಳಲು ಬಾಯಿಲ್ಲ, ಇದ್ದ ನಾಲಿಗೆ ನನ್ನ ಮಾತು ಕೇಳುವುದಿಲ್ಲ.

ಗುರುಮಲ್ಲಪ್ಪನವರು ಸೌದೆ ಹಸಿ ಇರಬೇಕೆಂದು ಒಲೆ ನೋಡುವ ಆಳನ್ನು ಗದರಿದರು. ಎಷ್ಟು ಬಿಸಿ ಬೇಕೆಂದು ನನಗೆ ಹೇಳುವ, ನನ್ನ ಮುಖದ ಕೆಳಗಿನ ಮುಳ್ಳನ್ನು ತುತ್ತತುದಿಯವರೆಗೆ ತಿರುಗಿಸಿದರು. ದೀಪದ ಬಿಸಿಯ ಮುಂದೆ ಅದು ಯಾವ ಲೆಕ್ಕ? ಬಾಣಂತಿಯಂತೂ ಹೊಸ್ತಿಲು ದಾಟುವ ಹಾಗಿರಲಿಲ್ಲ. ಕಿವಿಗೆ ಹತ್ತಿ, ತಲೆಗೆ ಬಟ್ಟೆ ಕಟ್ಟಿಕೊಂಡು, ಮಗುವನ್ನು ಎದೆಗೆ ಅವಚಿಕೊಂಡು ಕಂಬಳಿಗಳ ಕೆಳಗೆ ಕೂತಿದ್ದಾಳೆಂದು ಆಳುಗಳು ಆಡಿಕೊಳ್ಳುತ್ತಿದ್ದರು. ಅವಳು ಆ ಗೋಡೆಯ ಆಚೆ, ನಾನು ಈಚೆ.

ಗುಟ್ಟು ತಿಳಿದದ್ದು ಮಲ್ಲಾಜಮ್ಮನಿಗೆ. ಹಗಲು ರಾತ್ರಿ ದೀಪ ಕಾದು ದಣಿದ ಅವರು ಒಂದು ಮಧ್ಯಾಹ್ನ ಗೋಡೆಗೊರಗಿ ತೂಕಡಿಸಿದರು. ಎಣ್ಣೆ ತಳ ಕಂಡು ಕುಡಿ ಸಾಸಿವೆಯಷ್ಟಾಯಿತು. ನನ್ನ ನಾಲಿಗೆ ಬಿಡಿಸಿಕೊಂಡು ಟಿಕ್ ಎಂದು ಈ ಕಡೆಗೆ ಬಂತು. ಸ್ವಲ್ಪ ಹೊತ್ತಿಗೆ ಜಾಲರಿಯಿಂದ ಬೆಚ್ಚನೆ ಗಾಳಿ ಎದ್ದು ಅವರ ಅಂಗಾಲಿಗೆ ತಾಕಿತು. ಅವರು ಎಚ್ಚತ್ತು, ಅಯ್ಯೋ ಶಿವನೇ ಎಂದು ಗಡಿಬಿಡಿಯಲ್ಲಿ ಎಣ್ಣೆ ಹುಯ್ದರು. ಕುಡಿ ಎದ್ದು ನಿಂತಿತು. ಟಿಕ್. ಅಂಗಾಲು ಮತ್ತೆ ತಣ್ಣಗಾಯಿತು.

ಅವರು ಕಾಲನ್ನು ನೋಡಿದರು, ದೀಪವನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಬತ್ತಿಯನ್ನು ಕಡ್ಡಿಯಿಂದ ಹಿಂದಕ್ಕೆ ಎಳೆದು ಕಾದರು. ಮುಂದಕ್ಕೆ ತಳ್ಳಿ ಕಾದರು. ಎರಡು ಸಲವೂ ನಾನು ತಪ್ಪದೆ ಸಾಕ್ಷಿ ನುಡಿದೆ. ಆ ಮುಖದ ಕಳೆ ಇಳಿದುಹೋದದ್ದನ್ನು ನಾನು ಹೇಗೆ ಹೇಳಲಿ? ಮಗುವಿನ ಉಸಿರಿಗೆಂದು ಹಚ್ಚಿದ ದೀಪವೇ ಮಗುವಿನ ಬಿಸಿ ಕದಿಯುತ್ತಿತ್ತು.

ಪಾಪ, ಬಿಡಿಸಿಕೊಳ್ಳಲು ಅವರು ನೋಡದ ದಾರಿಯಿಲ್ಲ. ಕುಡಿಯನ್ನು ಸಣ್ಣದಾಗಿಟ್ಟರೆ ಕಿಟಕಿಯ ಸಂದಿಯ ಗಾಳಿಗೆ ಅದು ಹೋಗಿಯೇಬಿಡುವಂತೆ ಕುಣಿಯುತ್ತಿತ್ತು. ಒದ್ದೆ ಬಟ್ಟೆಯನ್ನು ನನ್ನ ಮೇಲೆ ಹೊದಿಸಿದರು. ಅದು ಒಣಗಿ ಸೀದ ವಾಸನೆ ಬಂದು, ಬೆಂಕಿ ಹತ್ತೀತೆಂದು ಕಿತ್ತುಹಾಕಿದರು. ಈ ಗಡಿಯಾರವನ್ನು ಕಳಚಿಟ್ಟರೆ ಏನಾಗುತ್ತದೆ ಎಂದು ಗಂಡನನ್ನು ಸುಮ್ಮನೆ ಕೇಳುವಂತೆ ಕೇಳಿದರು. ಮನೆ ಸುಟ್ಟು ಬೂದಿಯಾಗುತ್ತದೆ, ಇರುವ ತಾಪತ್ರಯ ಸಾಲದೇ ಎಂದು ಅವರು ರೇಗಿದರು. ಕಾರಣವನ್ನು ಮಲ್ಲಾಜಮ್ಮ ಬಾಯಿಬಿಟ್ಟು ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದು ನನಗೆ ಆಗ ತಿಳಿಯಲಿಲ್ಲ.

ಮಾರನೆಯ ದಿನ ಹೊತ್ತು ಇಳಿಯುವಾಗ ಕೋಣೆಯ ಬಾಗಿಲು ಬೆರಳಷ್ಟು ತೆರೆಯಿತು. ಒಳಗಿನಿಂದ ಅತ್ತೆಯನ್ನು ಕರೆಯುವ ಸರ್ವಮಂಗಳಳ ಸ್ವರ ಬಂತು.

"ಅತ್ತ, ಮಗೀನ ಕಾಲು ತಣ್ಗಾಗ್ಬುಟ್ಟದ ಕನಿ. ಹಾಲೂ ಚೀಪ್ತಿಲ್ಲ."

ಮಲ್ಲಾಜಮ್ಮ ಬಾಗಿಲು ಮುಚ್ಚಿಕೋ ಎಂದು ಮೆತ್ತಗೆ ಹೇಳಿದರು. ಅಡುಗೆಮನೆಗೆ ಹೋಗಿ ಒಂದು ಬಟ್ಟಲಲ್ಲಿ ಹಾಲು ತಂದರು. ಪಟದ ಮೇಲಿನ ಸೇವಂತಿಗೆ ಹೂವೊಂದನ್ನು ತೆಗೆದು ಹಾಲಿನಲ್ಲಿ ಅದ್ದಿದರು. ಇನ್ನೊಂದು ಕೈಯಲ್ಲಿ ಕೊರಳ ಲಿಂಗವನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು.

"ಮಾದಪ್ಪ, ಹರಕ ಹೊತ್ತವ್ಳು ನಾನು. ದೋಸ ಬಂದ್ರ ನನ್ಗ ಬರ್ಲಿ. ಆ ಮಗೀಗೂ ಅವ್ರವ್ವಗೂ ಇದು ಗೊತ್ತಿಲ್ಲ. ಗೊತ್ತಾಗದೂ ಬ್ಯಾಡ."

ಹೂವನ್ನು ಕುಡಿಯ ಮೇಲೆ ಒತ್ತಿದರು. ಚುರ್ ಎಂದಿತು, ಹೊಗೆ ಒಂದು ಎಳೆಯಾಗಿ ನನ್ನ ಮುಖದ ಮೇಲೆ ಹಾದುಹೋಯಿತು. ನನ್ನ ನಾಲಿಗೆ ಮೆಲ್ಲಗೆ ಸಡಿಲವಾಯಿತು. ಆ ಗಳಿಗೆಯಷ್ಟು ಉದ್ದದ ಗಳಿಗೆಯನ್ನು ನಾನು ಕಂಡಿಲ್ಲ. ಕೊನೆಗೂ ಟಿಕ್. ಕೆಳಗೆ ಸರಪಣಿ ಗರಗರ ಎಂದಿತು, ಒಲೆ ಧಗ್ಗೆಂದು ಉಸಿರೆಳೆದುಕೊಂಡಿತು. ಮಲ್ಲಾಜಮ್ಮ ಜಾಲರಿಯ ಪಕ್ಕದಲ್ಲಿ ಕುಕ್ಕರಿಸಿ, ಬಿಸಿಗಾಳಿಗೆ ಅಂಗೈ ಒಡ್ಡಿಕೊಂಡು, ಸದ್ದಿಲ್ಲದೆ ಅತ್ತರು. ಕತ್ತಲಾಗುವ ಹೊತ್ತಿಗೆ ಕೋಣೆಯೊಳಗೆ ಮಗು ಹಾಲಿಗಾಗಿ ಅತ್ತಿತು. ಈ ಸಲ ಅದು ಅಳುವೇ ಆಗಿತ್ತು.

ಆರಿದ ದೀಪವನ್ನು ಮೊದಲು ನೋಡಿದವರು ಗುರುಮಲ್ಲಪ್ಪನವರು.

"ಒಂದ್ ದೀಪ ನೋಡ್ಕಳಕ ಆಗ್ಲಿಲ್ವ ನಿನ್ಗ?"

ಮಲ್ಲಾಜಮ್ಮ ಸೀದ ಹೂವನ್ನು ಸೆರಗಿನಲ್ಲಿ ಮುಚ್ಚಿಕೊಂಡರು. ವಯಸ್ಸಾಯಿತು, ತೂಕಡಿಸಿರಬೇಕು ಎಂದು ಆಳುಕಾಳುಗಳು ಗುಸುಗುಸು ಮಾತಾಡಿದರು. ಮಗು ಚೇತರಿಸಿಕೊಂಡದ್ದಕ್ಕೆ ಡಾಕ್ಟರಿಗೆ ಹೆಸರು ಬಂತು. ಒಣಗಿದ ಸೌದೆ ತರಿಸಿದ್ದಕ್ಕೆ ಗುರುಮಲ್ಲಪ್ಪನವರು ತಮ್ಮ ಬೆನ್ನು ತಾವೇ ತಟ್ಟಿಕೊಂಡರು. ನನಗೆ ಆಗ ಅರ್ಥವಾಯಿತು. ಕಾರಣ ಹೇಳಿದ್ದರೆ ದೀಪ ಆರಿಸುವ ತೀರ್ಮಾನ ಎಲ್ಲರದೂ ಆಗುತ್ತಿತ್ತು. ಮುಂದೆ ಆ ಮಗುವಿಗೆ ಒಂದು ಕೆಮ್ಮು ಬಂದರೂ ಹರಕೆ ಮುರಿದದ್ದಕ್ಕೇ ಎಂದು ತಾಯಿ ಜೀವ ಹಿಡಿದುಕೊಂಡು ಬದುಕಬೇಕಾಗುತ್ತಿತ್ತು. ಆ ಭಯವನ್ನು ಮಲ್ಲಾಜಮ್ಮ ತಾವೊಬ್ಬರೇ ಸೆರಗಿನಲ್ಲಿ ಕಟ್ಟಿಕೊಂಡರು.

ತೊಟ್ಟಿಲ ಶಾಸ್ತ್ರ ನನ್ನ ಮುಂದೆಯೇ ನಡೆಯಿತು. ಮಗುವನ್ನು ತೊಟ್ಟಿಲಿಗೆ ಹಾಕಲು ತೆರಕಣಾಂಬಿಯಿಂದ ಬಂದ ತಾಯಿಯ ತಾಯಿಯನ್ನು ಕರೆದರು. ಮಲ್ಲಾಜಮ್ಮ ಮುಂದೆ ಬಂದಾಗ ಸರ್ವಮಂಗಳ ಮಗುವನ್ನು ಇನ್ನೊಂದು ತೋಳಿಗೆ ಬದಲಾಯಿಸಿಕೊಂಡಳು. ಬೈಗುಳಕ್ಕಿಂತ ಅದೇ ಹೆಚ್ಚು ಚುಚ್ಚಿತು. ಮಲ್ಲಾಜಮ್ಮ ಹಿಂದೆ ಸರಿದು ನನ್ನ ಗೋಡೆಗೆ ಬೆನ್ನು ಕೊಟ್ಟು ನಿಂತರು. ನಡೆದದ್ದೇನೆಂದು ಸೊಸೆಗೆ ಹೇಳಬೇಕೆಂದು ನನ್ನ ಪಟ್ಟಿಯ ಕಣಕಣವೂ ತಹತಹಿಸಿತು. ನಡುಮನೆ ಜನರಿಂದ ಬೆಚ್ಚಗಾಗಿತ್ತು. ನನ್ನಿಂದ ಹೊರಟದ್ದು ಒಂದು ಟಿಕ್ ಅಷ್ಟೇ.

ಮಗು ಬೆಳೆದು ಮಾತುಗಾರ್ತಿಯಾಯಿತು. ದೊಡ್ಡವರ ಬಾಯಲ್ಲಿ ಕೇಳಿದ್ದನ್ನು ಮಕ್ಕಳು ಬಿಡುತ್ತಾರೆಯೇ? ಒಂದು ದಿನ ಜಾಲರಿಯ ಹತ್ತಿರ ಅಜ್ಜಿಯ ಮಡಿಲಲ್ಲಿ ಕೂತು ನಗುತ್ತಾ ಕೇಳಿತು.

"ಅಜ್ಜಿ, ನಾ ಹುಟ್ದಾಗ ದೀಪ ಆರ್ಸ್ಬುಟ್ಟಿದ್ದು ನೀನೇಯ?"

"ಹೂಂ ಕನವ್ವ," ಎಂದರು ಮಲ್ಲಾಜಮ್ಮ, ಅದರ ಕಾಲುಗಳನ್ನು ತಮ್ಮ ಎರಡು ಅಂಗೈಗಳ ನಡುವೆ ಮುಚ್ಚಿಕೊಂಡು. "ನಾನೇಯ."

ಅವರು ಆಡಿದ್ದು ಪೂರ್ತಿ ನಿಜ. ತೆರೆದ ಬಾಗಿಲ ಬಳಿ ಬಟ್ಟೆ ಮಡಿಸುತ್ತಿದ್ದ ಸರ್ವಮಂಗಳ ಮಾತ್ರ ತುಟಿ ಬಿಗಿದು ಆಚೆ ತಿರುಗಿದಳು.

ಮಲ್ಲಾಜಮ್ಮ ತೀರಿಕೊಂಡು ಎಷ್ಟೋ ಕಾಲವಾಯಿತು. ಬಂಗಲೆ ಕೈ ಬದಲಾಗಿ ಲಾಡ್ಜ್ ಆಗಿದೆ. ಒಲೆಯನ್ನು ಗುಜರಿಯವರು ತುಂಡು ಮಾಡಿ ಹೊತ್ತೊಯ್ದರು, ಕೋಣೆಗಳಿಗೆ ಕರೆಂಟಿನ ಹೀಟರು ಬಂದಿವೆ. ನನ್ನ ತಿರುಪುಗಳು ತುಕ್ಕು ಹಿಡಿದು ಬಿಚ್ಚಲು ಬರಲಿಲ್ಲವೆಂದು ಗೋಡೆಯ ಜೊತೆಗೇ ನನಗೂ ಬಣ್ಣ ಬಳಿದರು. ಆಮೇಲೆ ಮತ್ತೆ ಬಳಿದರು. ಪ್ರವಾಸಕ್ಕೆ ಬಂದವರು ನನ್ನ ಮೇಲೆ ಟೋಪಿ ನೇತುಹಾಕುತ್ತಾರೆ. ಬಣ್ಣದ ಒಳಗೆ ನನ್ನ ನಾಲಿಗೆ ಇಂದಿಗೂ ಬಾಗುತ್ತದೆ. ಬಿಸಿಲು ಬಂದರೆ ಆ ಕಡೆಗೆ, ಮಂಜು ಕವಿದರೆ ಈ ಕಡೆಗೆ. ತಂತಿಯ ಆ ತುದಿಯಲ್ಲಿ ಕೇಳುವವರು ಯಾರೂ ಇಲ್ಲ, ಅದಕ್ಕೆ ನನಗೆ ಬೇಸರವೂ ಇಲ್ಲ. ಆ ಮನೆಗೆ ನಾನು ಹೇಳಬೇಕಾಗಿದ್ದದ್ದು ಒಂದೇ ಒಂದು ಮಾತು. ದೀಪ ಆರಿದಾಗ ಆ ಮುದುಕಿ ನಿದ್ದೆ ಮಾಡಿರಲಿಲ್ಲ. ಅದನ್ನು ಹೇಳಲು ನನ್ನ ನಾಲಿಗೆ ಯಾವ ಕಡೆಗೆ ಬಾಗಬೇಕೆಂದು ನನ್ನನ್ನು ಮಾಡಿದವರು ಕಲಿಸಲಿಲ್ಲ.