ಉಷ್ಣ ಅಲ್ಲ, ನೇತ್ರಾ

ಗಂಗರಾಜು ಹುತ್ರಿದುರ್ಗದ ಅತ್ತೆ ಮನೆ ಮುಂದೆ ಬೈಕ್ ನಿಲ್ಲಿಸಿದಾಗ ಹೆಂಡತಿ ನೇತ್ರಾವತಿ ಜಗಲಿ ಮೇಲೆ ಕಾಲು ಚಾಚಿ ಕೂತಿದ್ದಳು. ಅತ್ತೆ ಹನುಮಮ್ಮ ಮಗಳ ಕಾಲಿನ ಹೆಬ್ಬೆರಳಿಗೆ ಸುಣ್ಣ ಹಚ್ಚುತ್ತಿದ್ದರು. ನೆತ್ತಿ ಮೇಲೆ ಹರಳೆಣ್ಣೆ, ಪಕ್ಕದಲ್ಲಿ ಒಂದು ಚೊಂಬು ಬಾರ್ಲಿ ನೀರು.

"ಬಾರಪ್ಪಾ. ಉಷ್ಣ ಅಂದ್ರೆ ಉಷ್ಣ! ಉರಿ ತಡೀಲಾರ್ದೆ ಮೂತ್ರಕ್ಕೆ ಹೋಗೋಕೇ ಹೆದರ್ತಾಳೆ. ಆ ತುಮಕೂರಿನ ಬೋರ್ ನೀರು ಕುಡಿದೂ ಕುಡಿದೂ ಹಿಂಗಾಗೈತೆ," ಅಂದರು ಹನುಮಮ್ಮ.

ಪಾಪ, ಬೋರ್ ನೀರು ಏನು ಮಾಡೀತು! ಕಾರಣ ಹೆಲ್ಮೆಟ್ ಹಿಡ್ಕೊಂಡು ಎದುರಿಗೇ ನಿಂತಿತ್ತಲ್ಲ.

ಗಂಗರಾಜು ತುಮಕೂರಿನ ಸತ್ಯಮಂಗಲದ ಒಂದು ಫ್ಯಾಕ್ಟರಿಯ ಲಾರಿ ಡ್ರೈವರ್, ಮನೆಯೂ ಅದೇ ಊರಿನ ಉಪ್ಪಾರಹಳ್ಳಿಯಲ್ಲಿ. ತಿಂಗಳ ಹಿಂದೆ ಹೊಸೂರಿಗೆ ಲೋಡ್ ಹೊಡೆದವನು ಅಲ್ಲಿ ಒಬ್ಬಳ ಜೊತೆ ಮಲಗಿ ಬಂದಿದ್ದ, ಕಾಂಡೋಮೂ ಇಲ್ಲದೆ. ವಾರದೊಳಗೆ ಉರಿ, ಕೀವು. ಪರಿಚಯದವರು ಯಾರಾದರೂ ನೋಡಿಯಾರು ಅಂತ ಗುಬ್ಬಿ ಆಸ್ಪತ್ರೆಗೆ ಓಡಿದ. ಅಲ್ಲಿನ ಡಾಕ್ಟರು ಬೈಯಲಿಲ್ಲ. ಗೊನೊರಿಯಾ ಇದ್ದ ಹಾಗಿದೆ, ವಾಸಿಯಾಗುತ್ತೆ ಅಂತ ಮಾತ್ರೆ ನುಂಗಿಸಿ, ಇನ್ನೊಂದು ಪೊಟ್ಟಣ ಕೈಗಿಟ್ಟರು.

"ಇದು ನಿಮ್ಮ ಹೆಂಡತೀಗೆ. ಅವರು ತಗೊಳ್ದಿದ್ರೆ ನಿಮಗೆ ಮತ್ತೆ ಬರುತ್ತೆ. ಅವರು ತಗೊಂಡು ಏಳು ದಿನ ಆಗೋವರೆಗೆ ಸೇರಬೇಡಿ. ಬಸುರಿ ಅನ್ನೋ ಅನುಮಾನ ಇದ್ರೆ ಮೊದಲು ಡಾಕ್ಟರಿಗೆ ತೋರಿಸಿ," ಅಂದಿದ್ದರು.

ಮೂರನೇ ದಿನಕ್ಕೆ ಇವನ ಉರಿ ಹೋಯಿತು. ಉರಿಯ ಜೊತೆ ಬುದ್ಧಿಯೂ ಹೋಯಿತು. ಏಳು ದಿನ ಕಾಯುವುದಿರಲಿ, ಪೊಟ್ಟಣವನ್ನು ಲಾರಿಯಿಂದ ಕೆಳಗೂ ಇಳಿಸಲಿಲ್ಲ. ಈಗ ತವರಿಗೆ ಹೋದ ಹೆಂಡತಿ ಫೋನಿನಲ್ಲಿ ನರಳುವುದು ಕೇಳಿ ಅದನ್ನ ಜೇಬಿಗೆ ಹಾಕಿಕೊಂಡು ಬಂದಿದ್ದ.

ಹನುಮಮ್ಮ ಕಾಫಿ ಮಾಡಲು ಒಳಗೆ ಹೋದರು. ಗಂಗರಾಜು ಪೊಟ್ಟಣ ಚಾಚಿದ. "ತಗೋ, ಉಷ್ಣಕ್ಕೆ ಒಳ್ಳೆ ಮಾತ್ರೆ. ಒಂದು ಸಲ ನುಂಗಿದ್ರೆ ಸಾಕು."

ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ ಸುಳ್ಳು, ಸಲೀಸಾಗಿ ಬಂತು. ಅವಳೂ ಕೈ ಚಾಚಿದಳು. ಬಚಾವಾದೆ ಅಂದುಕೊಂಡ.

ಅಷ್ಟರಲ್ಲಿ ಅವಳು ಕೈ ಹಿಂದಕ್ಕೆಳೆದುಕೊಂಡಳು. "ಬೇಡ ರೀ. ಮುಟ್ಟಿನ ದಿನ ದಾಟಿ ಹನ್ನೆರಡು ದಿನ ಆಯ್ತು. ಅವ್ವಂಗೂ ಹೇಳಿಲ್ಲ. ನಾಲ್ಕು ವರ್ಷದ ಮೇಲೆ... ಯಾವ್ದೋ ಮಾತ್ರೆ ನುಂಗಿ ಏನಾದ್ರೂ ಹೆಚ್ಚುಕಮ್ಮಿ ಆದ್ರೆ?" ಅಷ್ಟು ನೋವಲ್ಲೂ ಅವಳ ಮುಖ ಅರಳಿತ್ತು.

ಕೊಟ್ಟರೆ ಮಗುವಿಗೆ ಏನಾಗುತ್ತೋ, ಕೊಡದೆ ಬಿಟ್ಟರೆ ಈ ರೋಗ ಏನು ಮಾಡುತ್ತೋ. ನಿಜ ಹೇಳಿದರೆ ಹೆಂಡತಿ ಉಳಿಯುತ್ತಾಳೋ ಇಲ್ಲವೋ! ಆ ಅರಳಿದ ಮುಖದ ಮುಂದೆ ಇನ್ನೊಂದು ಸುಳ್ಳು ಹೇಳಲು ಅವನಿಂದ ಆಗಲಿಲ್ಲ.

"ಉಷ್ಣ ಅಲ್ಲ, ನೇತ್ರಾ. ನನ್ನಿಂದ ಬಂದಿದ್ದು," ಅಂದ. ಹೊಸೂರಿಂದ ಗುಬ್ಬಿವರೆಗೆ ಒಂದನ್ನೂ ಬಿಡದೆ ಹೇಳಿದ.

ಚೊಂಬಿನ ಬಾರ್ಲಿ ನೀರು ಪೂರ್ತಿ ಅವನ ಮುಖಕ್ಕೆ ಬಿತ್ತು. ಚೊಂಬು ಬೀಳಲಿಲ್ಲವಲ್ಲ, ಅವನ ಪುಣ್ಯ.

"ಅವ್ವ ನನ್ನ ಕಾಲು ಹಿಡ್ಕೊಂಡು ಸುಣ್ಣ ಹಚ್ತಿದ್ರೆ ನೋಡ್ಕೊಂಡು ನಿಂತಿದ್ಯಲ್ಲೋ! ಥೂ!" ಮದುವೆಯಾದ ಮೇಲೆ ಅವಳು ಅವನನ್ನ ಹೀಗೆ ಏಕವಚನದಲ್ಲಿ ಬೈದಿದ್ದು ಅದೇ ಮೊದಲು. ಮುಖ ಮುಚ್ಚಿಕೊಂಡು ಅತ್ತಳು. ಆಮೇಲೆ ಸೆರಗಿಂದ ಕಣ್ಣೊರೆಸಿಕೊಂಡು ಎದ್ದು ನಿಂತಳು. "ಬೈಯೋಕೆ ಜೀವಮಾನ ಪೂರ್ತಿ ಐತೆ. ಈಗ ಬೈಕ್ ತೆಗಿ, ಕುಣಿಗಲ್ ಆಸ್ಪತ್ರೆಗೆ."

ಕುಣಿಗಲ್ಲಿನ ಡಾಕ್ಟರಮ್ಮ ಮೂತ್ರ ಪರೀಕ್ಷೆ ಮಾಡಿಸಿದರು. ಬಸುರಿ, ಹೌದು. ನೇತ್ರಾವತಿಯನ್ನು ಒಳಗೆ ಕರೆದು ನೋಡಿದರು, ಇಬ್ಬರ ರಕ್ತವನ್ನೂ ತೆಗೆಸಿದರು. ಗಂಗರಾಜು ಬೆಂಚಿನ ತುದಿಯಲ್ಲಿ ಕೂತು ಗೊತ್ತಿದ್ದ ದೇವರನ್ನೆಲ್ಲ ಕರೆದ, ಯಾರಿಗೂ ಬಿಡುವು ಕೊಡಲಿಲ್ಲ.

"ಎಚ್‌ಐವಿ, ಸಿಫಿಲಿಸ್ ಇಬ್ಬರಿಗೂ ಇಲ್ಲ. ಮೂರು ತಿಂಗಳಿಗೆ ಇನ್ನೊಂದು ಸಲ ನೋಡೋಣ," ಅಂದರು ಡಾಕ್ಟರಮ್ಮ. "ಗುಬ್ಬೀಲಿ ಕೊಟ್ಟ ಈ ಮಾತ್ರೆ ಬಸುರೀಗೂ ಕೊಡಬಹುದು, ಹೆದರಬೇಡಿ. ಕೇಳ್ಕೊಂಡು ಬಂದಿದ್ದು ಒಳ್ಳೇದಾಯ್ತು. ಉಷ್ಣ ಅಂತ ಬಿಟ್ಟಿದ್ರೆ ದಿನ ತುಂಬೋ ಮುಂಚೆ ಹೆರಿಗೆ ಆಗಬಹುದಿತ್ತು, ಮಗು ಕಣ್ಣಿಗೂ ತಗಲಬಹುದಿತ್ತು." ಆಮೇಲೆ ಇವನತ್ತ ತಿರುಗಿದರು. "ಏಳು ದಿನ ಕಾದ್ರಾ ನೀವು?"

ಗಂಗರಾಜು ಇಲ್ಲ ಅಂತ ತಲೆ ಅಲ್ಲಾಡಿಸಿದ.

"ಹಾಗಾದ್ರೆ ನಿಮಗೂ ಮತ್ತೆ. ಇಬ್ಬರೂ ನನ್ನೆದುರಿಗೇ ನುಂಗಿ."

ನುಂಗಿದರು. ಆಚೆ ಬಂದ ಮೇಲೆ ಗಂಗರಾಜು ಹೊಂಗೆ ಮರದ ಕೆಳಗೆ ಕುಸಿದು ಕೂತು ಗಳಗಳ ಅತ್ತುಬಿಟ್ಟ. ಎದೆ ಹಗುರಾಗಿ ಬಂದ ಅಳು ಅದು, ಎಷ್ಟು ಹೊತ್ತಾದರೂ ನಿಲ್ಲಲಿಲ್ಲ. ನೇತ್ರಾವತಿ ನಿಂತು ನೋಡಿದಳು, ಆಮೇಲೆ ಒಂದು ಮಾರು ದೂರ ಬಿಟ್ಟು ತಾನೂ ಕೂತಳು. ಕಣ್ಣಲ್ಲಿ ನೀರಿತ್ತು, ತುಟಿಯಲ್ಲಿ ನಗು ತಡೆಯಲಾಗುತ್ತಿರಲಿಲ್ಲ.

"ನಿನ್ನ ಕ್ಷಮಿಸಿದೀನಿ ಅನ್ಕೋಬೇಡ," ಅಂದಳು. "ಬೈಯೋದು ಇನ್ನೂ ಬಾಕಿ ಐತೆ. ಮಗೂಗೆ ಏನೂ ಆಗಲ್ವಂತೆ. ಇವತ್ತು ಒಂದಿಷ್ಟು ಹೊತ್ತು ಖುಷಿಯಾಗಿರಕ್ಕೆ ಬುಡು ನನ್ನ."